ಏಣಿಯ ಬುಡದಲ್ಲಿ ಸರೋಜಾ

ನೀಲಗಿರಿಯ ನಡುವಟ್ಟಂ ರಸ್ತೆಯಲ್ಲಿ ಮಂಜು ಇನ್ನೂ ಕರಗಿಲ್ಲ. ಹಳೆಯ ಬಂಗಲೆಯೊಂದರ ಹಿಂಬದಿಯಲ್ಲಿ ಸರೋಜಾ ಆಗಲೇ ಸೆರಗು ಬಿಗಿದು, ಕರೆಂಟ್ ಮೀಟರಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಿದ್ದಾರೆ. ಹಲಗೆ ಹೊದಿಸಿದ ಹೊರಗೋಡೆಯ ತುಂಬ ಮಳೆಗಾಲ ಬೆಳೆಸಿದ ಪಾಚಿ. ಅದನ್ನು ತೊಳೆಯುವುದು ಅವರ ಕೆಲಸ; ಅದನ್ನು ನೋಡಲು ನಾನು ಬಂದಿದ್ದೇನೆ.

“ಮೈನ್ ಆಫ್ ಮಾಡಿದ್ರಾ ಸಾರ್?”

“ಆಗಲೇ ಮಾಡಿದೆನಮ್ಮ,” ಎನ್ನುತ್ತಾರೆ ಕಾಫಿ ಲೋಟ ಹಿಡಿದು ನಿಂತ ಮನೆಯ ಯಜಮಾನ ಗಿರಿಧರನ್.

“ಇನ್ನೊಂದ್ ಸಲ ನೋಡಿ ಬನ್ನಿ. ಕಾಫಿ ಎಲ್ಲೂ ಹೋಗಲ್ಲ.”

ಸೋಪು ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ಇಲ್ಲದಿದ್ದರೆ ಗೋಡೆಯ ಮೇಲೆ ಗೆರೆ ಉಳಿಯುತ್ತದೆ. ತೊಳೆಯುವಾಗ ಮಾತ್ರ ಮೇಲಿನಿಂದ ಕೆಳಕ್ಕೆ. ಪೈಪಿನ ನೀರನ್ನು ಕೆಳಗಿನಿಂದ ಚಿಮ್ಮಿಸಿದರೆ ಅದು ಸಂದಿಗೆ ನುಗ್ಗಿ ಹಲಗೆಯನ್ನು ಒಳಗೇ ಕೊಳೆಸುತ್ತದೆ. ಸರೋಜಾ ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತಾರೆ.

“ಅಕ್ಕ ಗೋಡೆಗೆ ಸೋಪು ಹಾಕೋ ಹಾಗೆ ನಮ್ಮಮ್ಮನೂ ನನಗೆ ಹಾಕಿಲ್ಲ,” ಎನ್ನುತ್ತಾರೆ ಜೊತೆಗಾರ ಕೃಷ್ಣನ್.

“ಹಾಕಿದ್ರೆ ನಿನ್ನ ಬಾಯಾದ್ರೂ ಚೊಕ್ಕಟ ಇರ್ತಿತ್ತು.”

ಈ ಕೆಲಸ ಮೊದಲು ಸರೋಜಾರ ಗಂಡ ಶಿವಣ್ಣನವರದು. ಅವರು ಏಣಿ ಹತ್ತಿದರೆ ಸರೋಜಾ, ಕೃಷ್ಣನ್ ಇಬ್ಬರೂ ಕೆಳಗೆ ಹಿಡಿಯುತ್ತಿದ್ದರು. ಮೂರು ವರ್ಷದ ಹಿಂದೆ ಕೂನೂರಿನ ಒಂದು ಮನೆಯಲ್ಲಿ ಗಾಳಿ ಬೀಸಿ ಏಣಿ ಜಾರಿತು. ಕೃಷ್ಣನ್ ತಮ್ಮ ತಮಿಳಿನಲ್ಲಿ “ಪಿಡಿ, ಪಿಡಿ” ಎಂದು ಕೂಗಿದರು, ಹಿಡಿ ಎಂದು. ಮನೆಯಲ್ಲಿ ಕನ್ನಡವಾಡುವ ಸರೋಜಾರಿಗೆ ಅದು “ಬಿಡಿ” ಎಂದು ಕೇಳಿಸಿತು. ಬಿಟ್ಟರು. ಶಿವಣ್ಣ ಉಳಿಯಲಿಲ್ಲ.

“ನನಗೇನು ತಮಿಳು ಬರಲ್ವಾ? ಸಂತೆಯಲ್ಲೆಲ್ಲ ಅದೇ ಮಾತು. ಆ ಹೊತ್ತಿಗೆ ಕಿವಿ ಮನೆ ಮಾತನ್ನೇ ಕೇಳಿಬಿಡ್ತು,” ಎನ್ನುತ್ತಾರೆ ಸರೋಜಾ.

ಈಗ ಏಣಿಯ ಬಳಿ ಆ ಎರಡು ಮಾತೂ ಇಲ್ಲ. ಇಬ್ಬರೂ “ಇರು” ಎನ್ನುತ್ತಾರೆ. ಆ ಮಾತು ಇಬ್ಬರ ಭಾಷೆಯಲ್ಲೂ ಒಂದೇ.

ಅಂದಿನಿಂದ ಹತ್ತುವವರು ಸರೋಜಾ, ಹಿಡಿಯುವವರು ಕೃಷ್ಣನ್. ಆಕೆ ಮತ್ತೆ ಯಾರಿಗೂ ಏಣಿ ಹಿಡಿದಿಲ್ಲ. ಆದರೆ ಇವತ್ತು ಕೆಳಗಿನ ಭಾಗ ಮುಗಿಯುವಷ್ಟರಲ್ಲಿ ಅವರ ಭುಜ ಹಿಡಿದುಕೊಂಡಿದೆ, ಕೈ ಮೇಲೇಳುತ್ತಿಲ್ಲ. ಸೂರಿನ ಕೆಳಗಿನ ಹಸಿರು ಹಾಗೇ ಇದೆ.

“ನಾನು ಹತ್ತುತ್ತೀನಿ. ನೀವು ಬುಡದಲ್ಲಿ ಇರಿ ಅಕ್ಕಾ.”

ಸರೋಜಾ ಏಣಿಯ ಬುಡಕ್ಕೆ ಒದ್ದೆ ಗೋಣಿ ಒತ್ತಿ, ಎರಡೂ ಕೈಯಿಂದ ಹಿಡಿಯುತ್ತಾರೆ. ಕೃಷ್ಣನ್ ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ ಚಹಾ ತೋಟದ ಕಡೆಯಿಂದ ಗಾಳಿ ಬರುತ್ತದೆ. ಏಣಿ ಅಲುಗುವುದಿಲ್ಲ. ಸರೋಜಾ ಹಿಡಿತವನ್ನು ಇನ್ನೂ ಬಿಗಿ ಮಾಡುತ್ತಾರೆ.

“ಇಳಿ ಕೃಷ್ಣಾ. ಸಾಕು, ಇಳಿ.”

ಕೃಷ್ಣನ್ ಇಳಿಯುತ್ತಾರೆ. ಅವರ ಎರಡೂ ಕಾಲು ನೆಲದ ಮೇಲಿದ್ದರೂ ಸರೋಜಾರ ಬೆರಳುಗಳು ಬೇಗ ಸಡಿಲವಾಗುವುದಿಲ್ಲ.

“ಇಷ್ಟು ಗಾಳಿಗೇ? ಮೇಲೆಲ್ಲ ಹಾಗೇ ಉಳೀತಲ್ಲಮ್ಮ,” ಎಂದು ಗಿರಿಧರನ್ ಗೊಣಗುತ್ತಾರೆ.

“ಪಾಚಿ ಎಲ್ಲಿಗೆ ಓಡಿಹೋಗುತ್ತೆ ಸಾರ್? ಗಾಳಿ ನಿಂತ ದಿನ ಬರ್ತೀವಿ.”

ಬಕೆಟ್ ಎತ್ತಿಕೊಂಡು ರಸ್ತೆಗೆ ಬಂದ ಮೇಲೆ, ಮುಂದೆ ನಡೆಯುತ್ತಿರುವ ಕೃಷ್ಣನ್ ಅವರನ್ನು ತೋರಿಸಿ ಸರೋಜಾ ನನಗೆ ಮೆಲ್ಲಗೆ ಹೇಳುತ್ತಾರೆ:

“ಇವನ ಹೆಂಡತಿ ಚಿನ್ನಮ್ಮಾಳ್ ದಿನಾ ಬಾಗಿಲಲ್ಲಿ ನಿಂತು ದಾರಿ ನೋಡ್ತಾಳೆ. ಇವತ್ತು ಇವನು ತನ್ನ ಕಾಲ ಮೇಲೇ ನಡ್ಕೊಂಡು ಹೋಗ್ತಿದಾನೆ. ನನಗೆ ಅಷ್ಟು ಸಾಕು.”