ಎಡೆಗೆ ಮೊದಲು ಚುಚ್ಚಿಕೊಂಡ ಸೂಜಿ

ಹೊಣಕೆರೆ ಕಡೆಯ ಹಳ್ಳಿಗಳಿಗೆ ನಾನು ನರ್ಸಾಗಿ ತಿರುಗುತ್ತಿದ್ದಾಗ, ನನ್ನ ಸ್ಕೂಟರಿನ ಸದ್ದಿಗೇ ಮುಖ ಗಂಟಿಕ್ಕುತ್ತಿದ್ದ ಮನೆಯೊಂದಿತ್ತು. ಆ ಮನೆಯ ಸೊಸೆಗೆ ಏಳು ತಿಂಗಳು. ಹಿಂದಿನ ಬಸಿರಿನಲ್ಲಿ ಸಕ್ಕರೆ ಏರಿದ್ದು ಯಾರಿಗೂ ತಿಳಿಯದೆ, ದಿನ ತುಂಬುವ ಹೊತ್ತಿಗೆ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಡಾಕ್ಟರು ಇನ್ಸುಲಿನ್ ಬರೆದರು. ಚುಚ್ಚಿಕೊಳ್ಳಲು ಕಲಿಸಿದವಳು ನಾನು. ತಿಂಡಿಗೆ ಮೊದಲು ಎಷ್ಟು, ರಾತ್ರಿ ಊಟಕ್ಕೆ ಮೊದಲು ಎಷ್ಟು ಎಂದೆಲ್ಲ ಹೇಳಿ, ಏನೇ ಆಗಲಿ ಒಂದು ದಿನವೂ ತಪ್ಪಿಸಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ.

ಅತ್ತೆಗೆ ನನ್ನನ್ನು ಕಂಡರಾಗದು. "ನಾನು ಆರು ಮಕ್ಳ ಎತ್ತಿವ್ನಿ ಕಣವ್ವ. ಯಾವ ಸೂಜಿ ಕಂಡಿದ್ದೆ? ಇವ್ಳ ತೊಡೆನ ಜರಡಿ ಮಾಡ್ಬುಟ್ಟೆ ನೀನು."

ನನ್ನ ನಾಲಗೆಯೂ ಸುಮ್ಮನಿರುವಂಥದ್ದಲ್ಲ. "ಆರ್ರಲ್ಲಿ ಉಳ್ಕೊಂಡಿದ್ದು ಎಷ್ಟವ್ವ?"

ಉಳಿದಿದ್ದು ಮೂರು. ಅವತ್ತಿನಿಂದ ಆ ಮನೆಯಲ್ಲಿ ನನಗೆ ಒಂದು ಲೋಟ ನೀರೂ ಹುಟ್ಟಲಿಲ್ಲ.

ಶ್ರಾವಣದ ಒಂದು ಶನಿವಾರ, ಹನ್ನೊಂದು ಗಂಟೆ ದಾಟಿತ್ತು. ಸೊಸೆಯ ಗಂಡ ಫೋನು ಮಾಡಿದ. "ಸಿಸ್ಟ್ರೇ, ಇವ್ಳು ಬೆವ್ತು ಒದ್ದೆ ಆಗೋಗವ್ಳೆ. ಮಾತು ತೊದುಲ್ತಾವ್ಳೆ."

ಸಕ್ಕರೆ ನೀರು ಕುಡಿಸು ಎಂದೆ. "ಅವ್ವ ಬುಡ್ತಿಲ್ಲ" ಎಂದ. ನಾನು ಪಕ್ಕದ ಊರಿನಲ್ಲೇ ಇದ್ದೆ, ಹೊರಟೆ.

ಶ್ರಾವಣ ಶನಿವಾರ ಆ ಮನೆಯಲ್ಲಿ ದಾಸಯ್ಯ ಬಂದು, ಶಂಖ ಊದಿ, ಜಾಗಟೆ ಬಾರಿಸಿ, ದೇವರಿಗೆ ಎಡೆ ಆಗುವವರೆಗೆ ಯಾರೂ ತುತ್ತು ಮುಟ್ಟುವಂತಿಲ್ಲ. ಅವತ್ತು ದಾಸಯ್ಯ ಇನ್ನೂ ಮೇಲಿನ ಬೀದಿಯಲ್ಲಿದ್ದ. ಸೊಸೆ ನಡುಮನೆಯ ಗೋಡೆಗೆ ಒರಗಿ ನಡುಗುತ್ತಿದ್ದಳು. ಬೆರಳು ಚುಚ್ಚಿ ನೋಡಿದೆ, ರಕ್ತದ ಸಕ್ಕರೆ ಕುಸಿದು ಮೀಟರು ಬರೀ ನಲವತ್ತೆಂಟು ತೋರಿಸಿತು. ಇನ್ನಷ್ಟು ಇಳಿದರೆ ಎಚ್ಚರ ತಪ್ಪುತ್ತದೆ.

ಅಡುಗೆಮನೆ ಬಾಗಿಲಿಗೆ ಅತ್ತೆ ಅಡ್ಡ ನಿಂತರು. "ಎಡೆ ಆಗೋಗಂಟ ಬಾಯ್ಗೆ ಏನೂ ಆಕಂಗಿಲ್ಲ. ಮೊದ್ಲೇ ಒಂದ ಕಳ್ಕಂಡಿದೀವಿ. ದೇವ್ರು ಮುನಿಸ್ಕಂಡ್ರೆ ನೀನು ತಂದ್ಕೊಡ್ತೀಯಾ?"

"ನೀವಿಂಗೆ ಅಡ್ಡ ನಿಂತ್ರೆ ದೇವ್ರು ಮುನಿಸ್ಕೊಳ್ಳೋದೇ ಬೇಡ. ಜರುಗಿ ಅತ್ಲಾಗೆ" ಎಂದು ಅವರ ಭುಜ ತಳ್ಳಿಯೇ ಒಳಗೆ ಹೋದೆ. ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆಯಲ್ಲಿ ಮೀಟರು ಮೇಲೆ ಬಂತು, ಅವಳಿಗೆ ನನ್ನ ಗುರುತು ಹತ್ತಿತು.

ಎರಡು ತುತ್ತು ಅನ್ನವನ್ನೂ ತಿನ್ನಿಸಿ, "ಅಸ್ಕೊಂಡಿರೋಳು ಯಾಕೆ ಚುಚ್ಕೊಂಡೆ, ಬುದ್ಧಿ ಇಲ್ವಾ?" ಎಂದು ಗದರಿದೆ.

"ನೀವೇ ಅಲ್ವಾ ಅಕ್ಕ ಯೋಳಿದ್ದು, ಒಂದಿನಾನೂ ತಪ್ಪುಸ್ಬೇಡ ಅಂತ?"

ಹೌದು, ನಾನೇ. ತಿನ್ನದ ಹೊತ್ತು ಚುಚ್ಚಿಕೊಳ್ಳಬೇಡ, ಸಕ್ಕರೆ ಕುಸಿಯುತ್ತದೆ, ಫೋನು ಮಾಡು ಎಂದು ಹೇಳಿರಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ದಾಸಯ್ಯನನ್ನು ಕಾದು ಹೊಟ್ಟೆ ಹಿಡಿದುಕೊಂಡು ಕೂತವಳು ನಾನು. ಆದರೂ ಅವಳನ್ನು ಒಂದೇ ಹೊತ್ತು ಉಣ್ಣುವ ಒಪ್ಪೊತ್ತಿನ ದಿನ ಯಾವುದು ಎಂದು ಕೇಳಿರಲಿಲ್ಲ.

"ಕೇಳುಸ್ತಾ?" ಎಂದು ಅತ್ತೆ ಇನ್ಸುಲಿನ್ ಡಬ್ಬಿ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟರು. "ನೀನೇ ಕೊಲ್ತಿದ್ದೆಯಲ್ಲ. ಇನ್ಮೇಲೆ ಇದು ಈ ಮನೇಲಿ ಇರಕೂಡ್ದು."

ನಾನು ಹಿತ್ತಲ ಬಾಗಿಲಲ್ಲಿ ಅಡ್ಡ ನಿಂತೆ. "ತಪ್ಪು ನಂದೇ. ನಂಗೆ ಬಯ್ಯಿ, ಅದ್ನ ಎಸೀಬೇಡಿ. ಇದಿಲ್ದೇನೇ ಅಲ್ವಾ ಮೊದಲ್ನೇ ಕೂಸು ಓಗಿದ್ದು? ಯಾವ್ಯಾವ ದಿನ ಒಪ್ಪೊತ್ತು ಯೋಳಿ, ಬರ್ಕೊಂಡು ಡಾಕ್ಟ್ರುನ್ನ ಕೇಳ್ತೀನಿ."

ಅತ್ತೆ ಡಬ್ಬಿಯನ್ನು ನನ್ನ ಕೈಗೆ ತುರುಕಿದರು. ಆಮೇಲೆ ಬೈಗುಳ ಒಪ್ಪಿಸುವ ದನಿಯಲ್ಲೇ ಒಪ್ಪೊತ್ತಿನ ದಿನಗಳನ್ನು ಒಂದೊಂದಾಗಿ ಹೇಳಿದರು. ಡಾಕ್ಟರು ಪಟ್ಟಿ ನೋಡಿ, ಬಸುರಿ ಹಸಿದಿರುವುದೇ ಬೇಡ, ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ ಎಂದರು. ಅದನ್ನೇ ಅವಳ ಗಂಡನಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ.

ಮುಂದಿನ ಶನಿವಾರ ಬೆಳಿಗ್ಗೆ ಹೋದಾಗ ಸೊಸೆ ಜಗಲಿಯ ಮೇಲಿದ್ದಳು. ಎಡೆಗೆ ಮೊದಲು ತಿಂದು ಎಂಜಲಾಗುವವಳು ಒಳಗೆ ಇರಬಾರದೆಂದು ಅಲ್ಲೇ ಕೂರಿಸಿದ್ದರು. ಅತ್ತೆ ಬಂದು ರಾಗಿರೊಟ್ಟಿ, ಸೊಪ್ಪಿನ ಪಲ್ಯ ಅವಳ ಮುಂದೆ ಕುಕ್ಕಿದರು. ನನ್ನ ಕಡೆ ತಿರುಗಲಿಲ್ಲ.

"ಚುಚ್ಕೊ" ಎಂದರು ಸೊಸೆಗೆ. ಅವಳು ಕೊನೆಯ ಚೂರು ತಿಂದು ಮುಗಿಸುವವರೆಗೆ ಅತ್ತೆ ಹೊಸ್ತಿಲು ಬಿಟ್ಟು ಕದಲಲಿಲ್ಲ.