ನನ್ನ ಚೀಟಿಗೊಂದು ನಂಬರ್

ರೋಗಗಳಿಗೆ ನಂಬರ್ ಹಾಕುವುದು ನನ್ನ ಕೆಲಸ. ಬಾಗಲಕೋಟೆ ನವನಗರದ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು, ಡಾಕ್ಟರು ಚೀಟಿಯಲ್ಲಿ ಗೀಚಿದ ರೋಗದ ಹೆಸರು ಓದಿ, ದಪ್ಪ ಪುಸ್ತಕದಲ್ಲಿ ಅದರ ನಂಬರ್ ಹುಡುಕಿ, ಕಂಪ್ಯೂಟರಿಗೆ ತುಂಬುತ್ತೇನೆ. ಎತ್ತು ಹಾಯ್ದವರಿಗೂ ನಂಬರ್ ಇದೆ, ಏಣಿಯಿಂದ ಬಿದ್ದವರಿಗೂ ಇದೆ. ಪುಸ್ತಕ ಬರೆದವರು ಯಾರನ್ನೂ ಬಿಟ್ಟಿಲ್ಲ.

ಒಂದು ಕಾಲಕ್ಕೆ ನನ್ನನ್ನೂ ಬಿಟ್ಟಿರಲಿಲ್ಲ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಸಾಮಾನಿನ ಜೊತೆ ಇಲ್ಲಿಗೆ ಬಂದ ಹಿಂದಿನ ಆವೃತ್ತಿಯೊಂದು ನಮ್ಮ ಕಪಾಟಿನಲ್ಲಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರೂ ಇಲ್ಲದಾಗ ತೆರೆದು ನೋಡಿದ್ದೆ. ಹೆಣ್ಣನ್ನು ಇಷ್ಟಪಡುವ ಹೆಣ್ಣಿಗೂ ಗಂಡನ್ನು ಇಷ್ಟಪಡುವ ಗಂಡಿಗೂ ಮಾನಸಿಕ ರೋಗಗಳ ಸಾಲಿನಲ್ಲಿ ಒಂದು ನಂಬರ್ ಕೊಟ್ಟು ಕೂರಿಸಿದ್ದರು. ಈಗಿನ ಪುಸ್ತಕದಲ್ಲಿ ಆ ನಂಬರಿಲ್ಲ. ಇದು ರೋಗವಲ್ಲವೆಂದು ಕೈಬಿಟ್ಟಿದ್ದಾರೆ. ನನಗಂತೂ ಖುಷಿಯಾಯಿತು. ಆದರೆ ಪುಸ್ತಕ ಬದಲಾದ ಸುದ್ದಿ ಇಳಕಲ್ಲಿನ ನಮ್ಮ ಮನೆಯ ತನಕ ತಲುಪಿರಲಿಲ್ಲ.

ಅವ್ವ ಅಲ್ಲಿ ನಿವೃತ್ತ ಶಿಕ್ಷಕಿ. ಮದುವೆಯ ಮಾತನ್ನು ನಾನು ಹದಿನೈದು ವರ್ಷ ಏನೇನೋ ನೆಪ ಹೇಳಿ ತಳ್ಳಿದ ಮೇಲೆ, ಹೋದ ವರ್ಷ ಹುನಗುಂದದ ಸೋದರತ್ತೆ ಗಟ್ಟಿ ಸಂಬಂಧವೊಂದನ್ನು ತಂದಳು. ಅಷ್ಟರಲ್ಲಿ ನನ್ನ ನೆಪಗಳು ಮುಗಿದಿದ್ದವು. ನಾನು ಇಷ್ಟಪಡುವುದು ಹೆಣ್ಣನ್ನೇ ಎಂದು ಅವ್ವನಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಉತ್ತರಪತ್ರಿಕೆ ನೋಡುವ ಹಾಗೆ ನನ್ನನ್ನು ಎರಡು ಸಲ ನೋಡಿದಳು.

"ನಿಮ್ಮ ದವಾಖಾನಿ ಡಾಕ್ಟರಿಗೆ ತೋರ್ಸೂಣು. ಜಡ್ಡು ಅಂದ್ರ ಗುಳಿಗಿ ತಗೊಂಡು ಲಗ್ನಾ ಮಾಡ್ಕೋ. ಅಲ್ಲ ಅಂದ್ರ ನಾನಽ ಹುನಗುಂದಕ್ಕ ಫೋನ್ ಮಾಡಿ ಬ್ಯಾಡ ಅಂತೇನಿ."

ಒಪ್ಪಿದೆ. ಡಾಕ್ಟರು ಯಾವ ಆವೃತ್ತಿ ಓದಿ ಪಾಸಾದವರೋ ಯಾರಿಗೆ ಗೊತ್ತು?

ಮುಂದಿನ ಸೋಮವಾರ ಅವ್ವ ಬಸ್ಸಿನಲ್ಲಿ ನವನಗರಕ್ಕೆ ಬಂದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಡಾಕ್ಟರಿಗೆಂದು ಒಂದು ಡಬ್ಬಿ ಕರದಂಟು ಕೊಂಡಿದ್ದಳು. ತಾನು ಟೀಚರಾಗಿದ್ದಾಗ ಇಂಥ ಡಬ್ಬಿ ಹಿಡಿದು ಬಂದ ಪಾಲಕರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದವಳು! ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಅವಳಿಗೆ ಧೈರ್ಯ ಬರಲೆಂದು ಹಳೇ ಪುಸ್ತಕದ ಕಥೆ ಹೇಳಿ ನಾನೇ ಕೆಟ್ಟೆ.

ನಮ್ಮ ಮನೋರೋಗದ ಡಾಕ್ಟರದು ಮಾತು ಕಡಿಮೆ. ಇಬ್ಬರೂ ಹೇಳಿದ್ದನ್ನು ಪೂರ್ತಿ ಕೇಳಿ, "ಟೀಚರ್ರ, ಇದು ಜಡ್ಡಲ್ರಿ. ಇದಕ್ಕ ಔಷಧಾನೂ ಇಲ್ಲ, ಬೇಕಾಗೂದೂ ಇಲ್ಲ" ಎಂದರು.

"ಮದಲ ಪುಸ್ತಕದಾಗ ಇತ್ತಂತಲ್ರಿ?" ಎಂದಳು ಅವ್ವ.

"ಇತ್ರಿ. ತಗದಾರ."

"ಯಾಕ್ರಿ, ಜಾಗಾ ಸಾಲಲಿಲ್ಲೇನು?"

ಡಾಕ್ಟರು ನಕ್ಕರು. "ಬರದವರದಽ ತಪ್ಪಿತ್ರಿ. ತಿದ್ದಿಕೊಂಡ್ರು."

ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದ ಅವ್ವನಿಗೆ, ಪುಸ್ತಕವೇ ತಪ್ಪಬಹುದೆಂಬುದು ಜೀರ್ಣವಾಗಲು ಹೊತ್ತು ಬೇಕಾಯಿತು.

ರೋಗದ ಹೆಸರು ಬರೆಯುವ ಸಾಲಿನಲ್ಲಿ ಡಾಕ್ಟರು ಒಂದು ಅಡ್ಡಗೆರೆ ಎಳೆದು ಚೀಟಿ ಕೊಟ್ಟರು. ಅದು ಮುಂದೆ ಹೋಗಬೇಕಾದದ್ದು ನನ್ನ ಮೇಜಿಗೇ. ತನ್ನ ಚೀಟಿಗೆ ತಾನೇ ನಂಬರ್ ಹಾಕಬಹುದೋ ಇಲ್ಲವೋ, ಕೇಳೋಣವೆಂದರೆ ಆ ಕೋಣೆಯಲ್ಲಿ ಕೆಲಸಕ್ಕಿರುವವಳು ನಾನೊಬ್ಬಳೇ. ಅವ್ವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕಂಪ್ಯೂಟರ್ ತೆರೆದೆ. ನಂಬರಿಲ್ಲದೆ ಅದು ಮುಂದಿನ ಪುಟಕ್ಕೆ ಬಿಡುವುದಿಲ್ಲ. ಅಡ್ಡಗೆರೆ ಅದಕ್ಕೆ ಗೊತ್ತಿಲ್ಲ. ಹುಡುಕಿ ಹುಡುಕಿ ಪುಸ್ತಕದ ಕೊನೆಯ ಭಾಗದಲ್ಲಿ ಒಂದು ಸಿಕ್ಕಿತು. ಕನ್ನಡದಲ್ಲಿ ಹೇಳುವುದಾದರೆ: ರೋಗವಿದೆಯೆಂದು ಹೆದರಿ ಬಂದವರು, ರೋಗ ಕಂಡುಬಂದಿಲ್ಲ. ಅವ್ವನಿಗೆ ಅರ್ಥ ಹೇಳಿ, ನಂಬರ್ ಒತ್ತಿದೆ.

"ಹೆದರಿ ಬಂದಾಕಿ ಯಾರು? ನೀಯೇನು?"

"ಚೀಟಿ ನನ್ನ ಹೆಸರಿಲೆ ಐತಿ, ಅವ್ವಾ. ನಾನೂ ಅಂಜಿದ್ದೆ. ಜಡ್ಡಿಗಲ್ಲ, ನಿನಗ."

ನಗುತ್ತ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಆ ಹದಿನೈದು ವರ್ಷ ನಾನೆಷ್ಟು ಒಂಟಿಯಾಗಿದ್ದೆ ಎಂಬುದು ನನಗೂ ತಿಳಿದದ್ದು ಆಗಲೇ. ಅವ್ವ ನನ್ನ ಕಡೆ ನೋಡದೆ ಚೀಲದಿಂದ ಫೋನ್ ತೆಗೆದು ಹುನಗುಂದಕ್ಕೆ ಹಚ್ಚಿದಳು. ಈ ಸಂಬಂಧ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿದಳು. ನಮ್ಮ ಅತ್ತೆಯ ದನಿ ಸ್ಪೀಕರ್ ಹಾಕದೆಯೂ ಇಡೀ ಕೋಣೆಗೆ ಕೇಳುವಂಥದ್ದು.

"ಯಾಕ ವೈನಿ? ಹುಡುಗಿಗೆ ಏನರ ಜಡ್ಡು ಐತೇನು?"

"ಆಕಿ ಆರಾಮ ಅದಾಳವಾ" ಎಂದಳು ಅವ್ವ. "ಜಡ್ಡು ನನಗಿತ್ತು. ಇವತ್ತ ತೋರಿಸ್ಕೊಂಡು ಬಂದೆ."