ದೂಮಣ್ಣ ಶೆಟ್ಟರು ಬೈಬಲ್ ಓದಿದ್ದು

ಧರ್ಮಗ್ರಂಥವೊಂದನ್ನು ಮನುಷ್ಯ ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಗಳಿಗೆ ಅವನ ಬಾಳಿನಲ್ಲಿ ಬಹಳ ಗಂಭೀರವಾದದ್ದು. ಆತ್ಮಕ್ಕೆ ಹಸಿವಾಗದೆ ಅಂಥ ಗಳಿಗೆ ಬರುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಬೆಳುವಾಯಿಯ ದೂಮಣ್ಣ ಶೆಟ್ಟರು ಬೈಬಲನ್ನು ಕೈಗೆತ್ತಿಕೊಂಡದ್ದು ಮೂಡುಬಿದಿರೆಯ ಒಂದು ಚಾ ಹೋಟೆಲಿನಲ್ಲಿ, ಎರಡು ಬನ್ಸ್ ತಿಂದಾದ ಮೇಲೆ. ಹಸಿವಿನ ಪ್ರಶ್ನೆ ಅಲ್ಲಿ ಇರಲಿಲ್ಲ.

ಶೆಟ್ಟರು ದಸ್ತಾವೇಜು ಬರೆಯುವವರು. ವಾರವಿಡೀ ಬಂಟ್ವಾಳದಲ್ಲಿದ್ದು ಊರವರ ಕ್ರಯಪತ್ರ, ಪಾಲುಪಟ್ಟಿ, ಮರಣಶಾಸನಗಳನ್ನು ಬರೆದು ಶನಿವಾರ ಸಂಜೆಯ ಬಸ್ಸಿನಲ್ಲಿ ಬೆಳುವಾಯಿಗೆ ಬರುತ್ತಿದ್ದರು. ಆಳು ಕುಳ್ಳು, ಸ್ವರ ಎತ್ತರ. ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ: “ಅದಕ್ಕೆ ಆಧಾರ ಉಂಟಾ?” ಬಸ್ಸು ಹತ್ತು ನಿಮಿಷದಲ್ಲಿ ಹೊರಡುತ್ತದೆ ಎಂದ ಕಂಡಕ್ಟರಿಗೂ, ಜ್ವರ ಎಂದ ಡಾಕ್ಟರಿಗೂ, ಉಪ್ಪು ಸರಿಯಾಗಿದೆ ಎಂದ ತಂಗಿಗೂ ಅವರು ಈ ಪ್ರಶ್ನೆಯನ್ನು ಕೇಳಿದವರೇ. ಕೇಳುವ ಮೊದಲು ಕನ್ನಡಕ ತೆಗೆದು, ಮಡಚಿ, ಜೇಬಿಗೆ ಹಾಕುವರು. ಕನ್ನಡಕ ಜೇಬಿಗೆ ಹೋಯಿತೆಂದರೆ ತಿಳಿದವರು ಚಪ್ಪಲಿ ಹುಡುಕುತ್ತಿದ್ದರು.

ಇಂಥವರಿಗೆ ತಾಳಮದ್ದಳೆಯ ಹುಚ್ಚು ಇಲ್ಲದಿರುತ್ತದೆಯೆ? ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಕುಳಿತವರು ತಮ್ಮ ತಮ್ಮ ಪಾತ್ರವಾಗಿ ಅರ್ಥ ಹೇಳಿ ವಾದಿಸುತ್ತಾರೆ. ಶೆಟ್ಟರಿಗೆ ಬೇಕಾದದ್ದು ಯಾವಾಗಲೂ ಸೋಲುವ ಪಕ್ಷ. ಕಥೆಯ ಪ್ರಕಾರ ಸೋಲಬೇಕಾದವನ ಅರ್ಥ ಹೇಳುತ್ತ ಗೆದ್ದುಬಿಡುತ್ತಿದ್ದರು. ಆಗ ಭಾಗವತರು ಗಾಬರಿಯಿಂದ ಮುಂದಿನ ಪದ್ಯ ಎತ್ತಿಕೊಂಡು ಅವರನ್ನು ಹಾಡಿನಲ್ಲೇ ಕೊಲ್ಲಿಸಿ ಕಥೆಯ ಮಾನ ಉಳಿಸುವರು. ಕ್ರಮೇಣ ಅವರೆದುರು ಕುಳಿತುಕೊಳ್ಳುವವರೇ ಇಲ್ಲವಾದರು. ಮೂಡುಬಿದಿರೆಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನೊಬ್ಬ ಉಳಿದಿದ್ದೆ. ಸೋಲುವುದು ನನಗೆ ಅಭ್ಯಾಸವಾಗಿತ್ತು.

“ಇದ್ದ ಪ್ರಸಂಗಗಳೆಲ್ಲ ಮುಗಿದವು, ಮಾರಾಯ್ರೇ,” ಎಂದು ಶೆಟ್ಟರು ಆ ದಿನ ಹೋಟೆಲಿನಲ್ಲಿ ಕೈ ತೊಳೆಯುತ್ತ ಹೇಳಿದರು. “ಯಾರು ಎಂತ ಹೇಳ್ತಾನೆ ಅಂತ ಮೊದಲೇ ಗೊತ್ತುಂಟು.”

ಪಕ್ಕದ ಮೇಜಿನಲ್ಲಿ ಸಾಲೊಮೋನ ಮಾಸ್ತರರಿದ್ದರು. ಮಿಶನ್ ಶಾಲೆಯಿಂದ ನಿವೃತ್ತರಾಗಿ, ಆದಿತ್ಯವಾರ ಮಧ್ಯಾಹ್ನ ತಮ್ಮ ಜಗಲಿಯಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು ಬೈಬಲ್ ಓದಿಸುತ್ತಿದ್ದವರು. “ನಮ್ಮಲ್ಲಿಯೂ ಕಥೆಗಳು ಉಂಟು, ಶೆಟ್ರೇ,” ಎಂದರು.

“ವಾದ ಉಂಟಾ?”

“ಬೇಕಾದಷ್ಟು.” ಮಾಸ್ತರರು ಚೀಲದಿಂದ ದಪ್ಪದೊಂದು ಕನ್ನಡ ಬೈಬಲ್ ತೆಗೆದು ಮೇಜಿನ ಮೇಲೆ ಇಟ್ಟರು.

ಶೆಟ್ಟರು ಅದರ ತೂಕ ನೋಡಿದರು, ಬೈಂಡು ನೋಡಿದರು, ಕೊನೆಯ ಪುಟ ನೋಡಿದರು. “ಸಾಕ್ಷಿ ಸಹಿ ಇಲ್ಲ,” ಎಂದರು. ಆದರೂ ಮನೆಗೆ ಕೊಂಡುಹೋದರು.

ಅಲ್ಲಿಂದ ನಾಲ್ಕು ತಿಂಗಳು ನಾವಿಬ್ಬರು ಆ ಜಗಲಿಯಲ್ಲಿ ಕುಳಿತೆವು. ಮಾಸ್ತರರಿಗೆ ಅವರ ವೃತ್ತಿಜೀವನದಲ್ಲಿ ಅಂಥ ಶಿಷ್ಯ ಸಿಕ್ಕಿರಲಿಲ್ಲ. ಮತ್ತೊಬ್ಬ ಸಿಗಲೆಂದು ಅವರು ಪ್ರಾರ್ಥಿಸಿದಂತೆಯೂ ಕಾಣೆ. ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು ಎಂದು ಪುಟಗಟ್ಟಲೆ ಹೆಸರು ಬರುವಲ್ಲಿ ಉಳಿದವರು ಆಕಳಿಸಿದರೆ ಶೆಟ್ಟರು ನೆಟ್ಟಗೆ ಕುಳಿತರು. “ಇದು ದಸ್ತಾವೇಜು! ಇಷ್ಟು ಚೊಕ್ಕ ವಂಶಾವಳಿ ನಾನು ಬಂಟ್ವಾಳದಲ್ಲಿಯೂ ನೋಡ್ಲಿಲ್ಲ.” ಆಮೇಲೆ ಕನ್ನಡಕ ಜೇಬಿಗೆ ಹೋಯಿತು. “ಆದರೆ ಪೂರ್ತಿ ಗಂಡಸರೇ ಇದ್ದಾರಲ್ಲ, ಮಾಸ್ಟ್ರೇ. ತಾಯಿ ಯಾರು ಅಂತ ಬರೆಯದೆ ಹಕ್ಕು ಸಾಬೀತು ಆಗುವುದು ಹೇಗೆ?”

ಶೆಟ್ಟರದು ಅಳಿಯಸಂತಾನದ ಕಟ್ಟು. ಮನೆ, ಗದ್ದೆ ಎಲ್ಲ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಅಪ್ಪನೆಂಬವನು ಈ ವ್ಯವಹಾರದಲ್ಲಿ ಗೌರವಾನ್ವಿತ ಅತಿಥಿ. ಆದ್ದರಿಂದ ಕಿರಿಮಗ ಅಪ್ಪನ ಬಳಿ ಪಾಲು ಕೇಳಿ ಪಡೆದು ದೂರದೇಶಕ್ಕೆ ಹೋದ ಕಥೆ ಬಂದಾಗ ಶೆಟ್ಟರು ಮೊದಲನೆಯ ವಾಕ್ಯದಲ್ಲೇ ತಡೆದರು.

“ಅಪ್ಪನ ಹತ್ತಿರ ಕೇಳಿದನಾ? ಮಾವ ಎಲ್ಲಿದ್ದ?”

“ಮಾವನ ಸುದ್ದಿ ಕಥೆಯಲ್ಲಿ ಇಲ್ಲ, ಶೆಟ್ರೇ.”

“ಹಾಗಾದರೆ ದಾವೆಯೇ ನಿಲ್ಲುವುದಿಲ್ಲ. ಆಗಲಿ, ಓದಿ.”

ಮಾಸ್ತರರು ಓದಿದರು. ಹೋದವನು ಇದ್ದದ್ದನ್ನೆಲ್ಲ ಹಾಳುಮಾಡಿ, ಹಂದಿ ಕಾಯ್ದು, ಹರಿದ ಬಟ್ಟೆಯಲ್ಲಿ ಹಿಂತಿರುಗಿ ಬಂದ. ಅಪ್ಪ ಓಡಿಹೋಗಿ ಅಪ್ಪಿಕೊಂಡ, ಉಂಗುರ ತೊಡಿಸಿದ, ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿಸಿದ. ಗದ್ದೆಯಿಂದ ಬಂದ ಅಣ್ಣನಿಗೆ ವಾದ್ಯದ ಶಬ್ದ ಕೇಳಿಸಿತು. ಆಳಿನಿಂದ ವಿಷಯ ತಿಳಿದು ಸಿಟ್ಟಾಗಿ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತ. ಅಪ್ಪ ಹೊರಗೆ ಬಂದು ಬೇಡಿಕೊಂಡ. ಮಾಸ್ತರರು ಅಲ್ಲಿಗೆ ನಿಲ್ಲಿಸಿದರು.

“ಮುಂದೆ?” ಎಂದರು ಶೆಟ್ಟರು.

“ಮುಂದೆ ಇಲ್ಲ. ಅಷ್ಟೇ.”

“ಅಷ್ಟೇ ಅಂದರೆ ಎಂತ? ಅಣ್ಣ ಒಳಗೆ ಹೋದನಾ, ಇಲ್ಲವಾ?”

“ಬರೆದಿಲ್ಲ.”

ಶೆಟ್ಟರು ಎದ್ದು ಹೋದರು. ಹಾಳೆ ಹರಿದಿರಬೇಕು ಎಂಬುದು ಅವರ ಸಂಶಯ. ಒಂದು ವಾರ ಬಂಟ್ವಾಳದಲ್ಲಿ ತಪಾಸಣೆ ಮಾಡಿದರು. ಒಬ್ಬ ಕಂಪೌಂಡರನ ಮನೆಯ ಹಳೆಯ ಪ್ರತಿ, ಒಬ್ಬ ವಕೀಲರ ಕಪಾಟಿನ ಇಂಗ್ಲಿಷ್ ಪ್ರತಿ, ಯಾರದೋ ಅಜ್ಜಿಯ ತುಳು ಪ್ರತಿ, ಮೂರನ್ನೂ ನೋಡಿ ಬಂದು ವರದಿ ಒಪ್ಪಿಸಿದರು: “ಮೂರರಲ್ಲೂ ಅಣ್ಣ ಅಂಗಳದಲ್ಲೇ ಇದ್ದಾನೆ. ಎಷ್ಟು ವರ್ಷದಿಂದ ನಿಂತಿದ್ದಾನೆ, ಪಾಪ! ಯಾರಿಗೂ ಕುತೂಹಲ ಇಲ್ಲ.”

ಅವರ ಕುತೂಹಲದ ಕಾರಣ ನನಗೆ ಗೊತ್ತಿತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ.

ಶೆಟ್ಟರಿಗೆ ಒಬ್ಬ ತಮ್ಮ. ಹೆಸರು ಸಂಜೀವ. ಅಳಿಯಸಂತಾನದ ಮನೆಯಲ್ಲಿಯೂ ಪಾಲು ಕೇಳಬಹುದೆಂದು ಕಾನೂನು ಬಂದದ್ದೇ ತಡ, ಆ ಮನೆಯಲ್ಲಿ ಮೊದಲು ಕೇಳಿದವನು ಅವನು. ಆ ಪಾಲುಪಟ್ಟಿಯನ್ನು ಬರೆದದ್ದು ಸ್ವತಃ ಶೆಟ್ಟರು. ಬೇರೆಯವರಿಗೆ ಕೊಟ್ಟರೆ ತಪ್ಪು ಬರೆಯುತ್ತಾರೆಂದು. ಸಂಜೀವ ಬೊಂಬಾಯಿಗೆ ಹೋಗಿ ಪಾಲುದಾರಿಕೆಯಲ್ಲಿ ಹೋಟೆಲು ಇಟ್ಟ, ಹೋಟೆಲು ಮುಳುಗಿತು, ಒಂದು ತಗಡಿನ ಪೆಟ್ಟಿಗೆಯೊಂದಿಗೆ ಊರಿಗೆ ಬಂದ. ಬೆಳುವಾಯಿಗೆ ಬರಲು ಮುಖವಿಲ್ಲದೆ ಬೆಳ್ತಂಗಡಿಯ ಪಕ್ಕ ಲಾಯಿಲದಲ್ಲಿ ಯಾರದೋ ಹೋಟೆಲಿನಲ್ಲಿ ದೋಸೆಗೆ ಅರೆಯುತ್ತಿದ್ದ. ಆರು ವರ್ಷದಿಂದ ಅಣ್ಣ ತಮ್ಮನ ಹೆಸರೆತ್ತಿರಲಿಲ್ಲ.

ಹೆಸರೆತ್ತುವ ಪ್ರಸಂಗ ಆ ವರ್ಷ ಬಂದಿತ್ತು. ತಂಗಿ ಕಲ್ಯಾಣಕ್ಕನ ಮಗಳು ಸುಮತಿಗೆ ಮದುವೆ ಗೊತ್ತಾಗಿತ್ತು. ಆ ಮನೆಯ ಹುಡುಗಿಯ ಮದುವೆಯೆಂದರೆ ಸೋದರಮಾವಂದಿರದೇ ಕಾರುಬಾರು. “ಇಬ್ಬರು ಮಾವಂದಿರೂ ಚಪ್ಪರದ ಅಡಿಯಲ್ಲಿ ಇರಬೇಕು. ಇಲ್ಲದಿದ್ದರೆ ನಾನು ಧಾರೆಗೆ ಮಗಳನ್ನು ಕಳಿಸುವುದಿಲ್ಲ,” ಎಂದು ಕಲ್ಯಾಣಕ್ಕ ಹಟ ಹಿಡಿದಿದ್ದರು. ಕಾಗದ ಹಾಕಿದರೆ ಮುಗಿಯುವ ಕೆಲಸವಲ್ಲ ಅದು. ನಮ್ಮ ಕಡೆ ಹೇಳಿಕೆ ಎಂದರೆ ಮನೆಯ ಯಜಮಾನನೇ ಹೋಗಬೇಕು, ಅವರ ಮೆಟ್ಟಿಲು ಹತ್ತಬೇಕು, ಕುಳಿತು ಅವರು ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಆಮೇಲೆ ಬಾಯಿ ಬಿಟ್ಟು ಕರೆಯಬೇಕು. ಯಜಮಾನರು ದೂಮಣ್ಣ ಶೆಟ್ಟರು. “ಬಿಟ್ಟು ಹೋದವನ ಮೆಟ್ಟಿಲು ನಾನು ಹತ್ತಬೇಕೆನ್ನುವುದಕ್ಕೆ ಆಧಾರ ಉಂಟಾ?” ಎಂದು ಅವರು ಕನ್ನಡಕ ಜೇಬಿಗೆ ಹಾಕಿದ್ದರು.

ಹೀಗಿರುವಾಗ ಅಂಗಳದಲ್ಲಿ ನಿಂತ ಅಣ್ಣ ಅವರಿಗೆ ಸಿಕ್ಕಿದ. ಬಿಟ್ಟಾರೆಯೆ? “ಇದನ್ನೇ ಪ್ರಸಂಗ ಮಾಡುವ. ಅಣ್ಣನ ಅರ್ಥ ನನ್ನದು. ಅಪ್ಪ ನೀವು,” ಎಂದು ನನಗೆ ಬೆರಳು ತೋರಿಸಿದರು. ಮಾಸ್ತರರು ಹಿಗ್ಗಿ ಇಪ್ಪತ್ತು ಪದ್ಯ ಕಟ್ಟಿದರು. ಕರುವಿನ ವಿಷಯದಲ್ಲಿ ಸ್ವಲ್ಪ ಚರ್ಚೆಯಾಗಿ, ಊರಿನ ಶಾಂತಿಯ ದೃಷ್ಟಿಯಿಂದ ಅದು ಕೋಳಿಯಾಯಿತು. ಆದರೆ ಕೊನೆಗೊಂದು ಪದ್ಯ ಬೇಕೆಂದು ಭಾಗವತರು ಕೇಳಿದಾಗ ಮಾಸ್ತರರು ಜಗ್ಗಲಿಲ್ಲ. “ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಬರೆಯಲಿಕ್ಕಿಲ್ಲ,” ಎಂದರು.

ಮಿಶನ್ ಶಾಲೆಯ ಹಾಲಿನಲ್ಲಿ ಒಂದು ಆದಿತ್ಯವಾರ ಮಧ್ಯಾಹ್ನ ಕೂಟ ನಡೆಯಿತು. ಒಂದು ಬದಿಯಲ್ಲಿ ಕ್ರಿಸ್ತಾನರು, ಇನ್ನೊಂದು ಬದಿಯಲ್ಲಿ ಬೆಳುವಾಯಿಯವರು, ನಡುವೆ ಎರಡೂ ಕಡೆಯ ಮಕ್ಕಳು. ಹೆಂಗಸರ ಸಾಲಿನ ಮುಂದೆ ಕಲ್ಯಾಣಕ್ಕ. ಕಿರಿಮಗ ಬಂದ, ಅತ್ತ, ಅಪ್ಪನಾಗಿ ನಾನು ಮಾತಿನಲ್ಲೇ ಅಪ್ಪಿಕೊಂಡೆ. ಎರಡೂ ಬದಿಯಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಶೆಟ್ಟರು ಕನ್ನಡಕ ತೆಗೆದು ಜೇಬಿಗೆ ಹಾಕಿದರು.

“ಒಳಗೆ ಬಾ ಎನ್ನುತ್ತೀರಿ, ತಂದೆಯೇ. ನಾನು ಹೊರಗಿರುವುದು ಇವತ್ತು ಕಾಣಿಸಿತೆ? ಊರನ್ನೆಲ್ಲ ಔತಣಕ್ಕೆ ಕರೆದಿರಿ. ಗದ್ದೆಯಲ್ಲಿದ್ದ ನನಗೆ ಹೇಳಿಕಳಿಸಲು ಒಬ್ಬ ಆಳು ಸಿಗಲಿಲ್ಲವೆ? ನನ್ನ ಮನೆಯ ಸಂತೋಷವನ್ನು ನಾನು ವಾದ್ಯದ ಶಬ್ದದಿಂದ ತಿಳಿಯಬೇಕಾಯಿತು! ಓಡಿಹೋದವನನ್ನು ಕಂಡು ದಾರಿಯ ತನಕ ಓಡಿದ ನಿಮ್ಮ ಕಾಲು ಗದ್ದೆಯ ಬದುವಿನ ತನಕ ನಡೆಯಲಾರದೆ ಹೋಯಿತೆ?”

ನಾನು, “ಮಗನೇ, ನೀನು ದಿನವೂ ನನ್ನ ಜೊತೆಗಿರುವವನಲ್ಲವೆ,” ಎಂದೆ. ಪುಸ್ತಕದಲ್ಲಿ ಅಪ್ಪನಿಗೆ ಇರುವ ಉತ್ತರ ಹೆಚ್ಚುಕಡಿಮೆ ಅದೇ.

“ದಿನವೂ ಜೊತೆಗಿರುವವನು ಕಣ್ಣಿಗೆ ಬೀಳುವುದಿಲ್ಲವೆಂದು ನಿಮ್ಮ ಬಾಯಿಂದಲೇ ಒಪ್ಪಿದಂತಾಯಿತು. ಕಣ್ಣಿಗೆ ಬೀಳಬೇಕಾದರೆ ನಾನೂ ಒಮ್ಮೆ ಬಿಟ್ಟು ಹೋಗಬೇಕೆ? ಹೋದರೆ ಗದ್ದೆಗೆ ನೀರು ಕಟ್ಟುವವರು ಯಾರು?”

ಸ್ವರ ನಡುಗಿತು. ಅಭಿನಯವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಪದ್ಯಕ್ಕಾಗಿ ನಾನು ಭಾಗವತರ ಕಡೆ ನೋಡಿದೆ. ಅವರು ಮಾಸ್ತರರ ಕಡೆ ನೋಡಿದರು. ಮಾಸ್ತರರು ಬರಿಗೈ ತೋರಿಸಿದರು. ಈ ಬಾರಿ ಶೆಟ್ಟರನ್ನು ಸೋಲಿಸುವ ಪದ್ಯವೇ ಇರಲಿಲ್ಲ. ಪುಸ್ತಕ ಮುಗಿದಿತ್ತು, ಅಪ್ಪ ಸೋತಿದ್ದ, ಅಣ್ಣ ಗೆದ್ದು ಅಂಗಳದಲ್ಲಿ ಒಬ್ಬನೇ ಉಳಿದಿದ್ದ.

ಆಗ ಹೆಂಗಸರ ಸಾಲಿನಿಂದ ಕಲ್ಯಾಣಕ್ಕನ ಸ್ವರ ಬಂತು. ಮಾತು ತುಳುವಿನಲ್ಲಿ, ಅಡುಗೆಮನೆಯಿಂದ ಕೇಳುವ ಹಾಗೆ.

“ಅಣ್ಣಾ, ಗೆದ್ದಾಯ್ತಲ್ಲ. ಇನ್ನು ಊಟ ಎಲ್ಲಿ?”

ಸಭೆ ನಕ್ಕಿತು. ಶೆಟ್ಟರು ನಗಲಿಲ್ಲ. “ಅದಕ್ಕೆ…” ಎಂದು ಶುರುಮಾಡಿ, ಮುಗಿಸದೆ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ವಾದದ ನಡುವೆ ಅವರು ಕನ್ನಡಕ ಹಾಕಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಭಾಗವತರೇ, ಮಂಗಳ ಹಾಡಿ,” ಎಂದರು.

ಬಂಟ್ವಾಳದಲ್ಲಿ ಇರಬೇಕಾದ ಗುರುವಾರ ಅಂಚೆ ಕಚೇರಿಯ ಕಿಟಕಿಯಲ್ಲಿ ಅವರ ಮುಖ ಕಂಡಿತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ. “ರಜೆ ಹಾಕಿ. ಲಾಯಿಲಕ್ಕೆ ಹೋಗುವ.”

“ನಾನೆಂತಕ್ಕೆ?”

“ಸಾಕ್ಷಿ ಬೇಡವಾ?”

ವೇಣೂರಿನ ಮೇಲೆ ಹೋದರೆ ದಾರಿ ಹತ್ತಿರ. ಶೆಟ್ಟರು ಬಂಟ್ವಾಳ ಸುತ್ತಿಕೊಂಡು ಹೋಗುವ ಎಂದರು. ಬಂಟ್ವಾಳದ ಬಳಿಯ ಬಿ.ಸಿ.ರೋಡಿನಲ್ಲಿ ಒಂದು ಬಸ್ಸನ್ನು ಜನ ಹೆಚ್ಚೆಂದು ಬಿಟ್ಟೆವು, ಇನ್ನೊಂದನ್ನು ಜನ ಕಡಿಮೆಯೆಂದು. ಮೂರನೆಯದರಲ್ಲಿ ನಾನೇ ಅವರನ್ನು ಹತ್ತಿಸಿದೆ. ದಾರಿಯುದ್ದಕ್ಕೂ ಬಾಯಲ್ಲೇ ಏನನ್ನೋ ಸಿದ್ಧಪಡಿಸುತ್ತಿದ್ದರು; ಪೀಠಿಕೆ ಬಲವಾಗಿರುವಂತೆ ಕಂಡಿತು.

ಲಾಯಿಲದ ಹೋಟೆಲೆಂದರೆ ಮುಳಿಹುಲ್ಲು ಹೊದಿಸಿದ ಒಂದು ಮಾಡು, ಎರಡು ಬೆಂಚು. ಒಳಗೆ ಅರೆಯುವ ಕಲ್ಲಿನ ಮುಂದೆ ಸಂಜೀವ ಕುಳಿತಿದ್ದ. ಮೊಣಕೈ ತನಕ ಹಿಟ್ಟು. ಅಣ್ಣನನ್ನು ನೋಡಿದ. ಕಲ್ಲು ನಿಂತಿತು. ಎದ್ದು ಬರಲಿಲ್ಲ. ಶೆಟ್ಟರು ಬಾಗಿಲಿನ ಹೊರಗೇ ಬಿಸಿಲಿನಲ್ಲಿ, ಕೊಡೆ ಬಿಡಿಸದೆ ನಿಂತರು.

“ಹೇಳಿಕೆಗೆ ಬಂದದ್ದು,” ಎಂದರು. ಪೀಠಿಕೆ ಎಲ್ಲಿ ಹೋಯಿತೋ. “ಸುಮತಿಗೆ ಮದುವೆ.”

ಸಂಜೀವ ಕೈಯ ಹಿಟ್ಟನ್ನೇ ನೋಡುತ್ತಿದ್ದ. “ಹೊರಗೆ ನಿಂತು ಹೇಳಿದರೆ ಹೇಳಿಕೆ ಆಗುವುದಿಲ್ಲ, ಅಣ್ಣ,” ಎಂದ.

ನಾನು ಶೆಟ್ಟರ ಕೈ ನೋಡಿದೆ. ಅದು ಕನ್ನಡಕದ ತನಕ ಹೋಗಿ ಹಾಗೆಯೇ ಕೆಳಗಿಳಿಯಿತು. ಬಾಗಿಲು ಗಿಡ್ಡ. ಅಷ್ಟು ಕುಳ್ಳರಾದ ಅವರೂ ತಲೆ ತಗ್ಗಿಸಬೇಕಾಯಿತು. ಬೆಂಚಿನ ಮೇಲೆ ಕುಳಿತರು. ಸಂಜೀವ ಕೈ ತೊಳೆದು ಬೆಲ್ಲದ ತುಂಡು, ನೀರು ತಂದಿಟ್ಟ. ಶೆಟ್ಟರು ಬೆಲ್ಲ ಕಚ್ಚಿ, ನೀರು ಕುಡಿದು, “ನೀರಿನಲ್ಲಿ ಹೊಗೆಯ ವಾಸನೆ ಉಂಟು,” ಎಂದರು.

“ಕಟ್ಟಿಗೆ ಹಸಿ.”

“ಮನೆಯಲ್ಲಿ ಒಣ ಕಟ್ಟಿಗೆ ಉಂಟು.”

ಅವರಿಬ್ಬರ ನಡುವೆ ನಡೆದ ಸಂಧಾನದ ಪೂರ್ಣಪಾಠ ಇಷ್ಟೇ. ಸಾಕ್ಷಿಯಾದ ನಾನು ದೃಢೀಕರಿಸುತ್ತೇನೆ.

ಮದುವೆ ಆಯಿತು. ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಹೊರಡುವ ದಿನ ಶೆಟ್ಟರು ಬಸ್‌ ನಿಲ್ದಾಣಕ್ಕೆ ಬಂದಿದ್ದರು. “ಆ ಪುಸ್ತಕ ಮುಗಿಯಿತಾ?” ಎಂದು ಕೇಳಿದೆ.

“ಅರ್ಧ ಆಯಿತು. ಮಾಸ್ಟ್ರಿಗೆ ಹಿಂದೆ ಕೊಡಲಿಕ್ಕೆ ಮನಸ್ಸಿಲ್ಲ. ಜಗಳಕ್ಕೆ ವಿಷಯ ಇನ್ನೂ ತುಂಬ ಉಂಟು.”

ಮತ್ತೆ ನಾವು ಭೇಟಿಯಾಗಲಿಲ್ಲ. ಅವರು ತೀರಿಕೊಂಡ ಸುದ್ದಿ ಮಾಸ್ತರರ ಕಾರ್ಡಿನಲ್ಲಿ ಬಂತು. ಅಂದೇ ಹೊರಟರೂ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾಸ್ತರರ ಜಗಲಿಯಲ್ಲಿ ಆ ಬೈಬಲ್ ಇತ್ತು. ಹಿಂದಿನ ದಿನವಷ್ಟೇ ಮರಳಿ ಬಂದದ್ದಂತೆ. ಅಣ್ಣ ನಿಂತುಹೋದ ಪುಟವನ್ನು ತೆರೆದು ನೋಡಿದೆ. ಅಂಚಿನಲ್ಲಿ ಶೆಟ್ಟರ ಅಕ್ಷರ ಏನಾದರೂ ಇರಬಹುದೆಂಬ ಆಸೆ. ಏನೂ ಇರಲಿಲ್ಲ.

ಪುಸ್ತಕ ತಂದುಕೊಟ್ಟವನು ಸಂಜೀವ. ಅವನು ಆಗ ನಾಲ್ಕು ವರ್ಷದಿಂದ ಬೆಳುವಾಯಿಯ ಮನೆಯಲ್ಲಿಯೇ ಇದ್ದ.